ಭತ್ತದ ಬೆಂಕಿ ರೋಗ: ಔಷಧಿ ಹೊಡೆದ ಮೇಲೂ ಹೊಸ ಚುಕ್ಕೆ ಬರುವುದೇಕೆ?

ಹಸಿರೆಲೆ:
ಭತ್ತ ನಾಟಿಯಾಗಿ 35 ದಿನ. ಎಲೆಗಳ ಮೇಲೆ ಎರಡೂ ತುದಿ ಚೂಪಾಗಿ, ನಡುವೆ ಬೂದು ಬಣ್ಣ, ಅಂಚು ಕಂದು ಇರುವ ಚುಕ್ಕೆಗಳು. ಕಂಡ ದಿನವೇ ಟ್ರೈಸೈಕ್ಲಜೋಲ್ 75 ಡಬ್ಲ್ಯೂಪಿ (ನೀರಿಗೆ ಬೆರೆಸುವ ಪುಡಿ) ಲೀಟರಿಗೆ 0.6 ಗ್ರಾಂನಂತೆ ಸಿಂಪಡಿಸಿದ್ದಾಗಿದೆ. ಮಳೆಯೂ ಬಂದಿಲ್ಲ. ಆದರೂ ನಾಲ್ಕನೇ ದಿನಕ್ಕೆ ಹೊಸ ಚುಕ್ಕೆಗಳು ಎದ್ದಿವೆ. ಪ್ರಮಾಣ ಕಡಿಮೆಯಾಯಿತೇ, ಔಷಧಿಯೇ ಕಳಪೆಯೇ? ಅದನ್ನೇ ಇನ್ನೊಮ್ಮೆ ಹೊಡೆಯಬಹುದೇ? ಶಿಲೀಂಧ್ರ ಎಲೆಯೊಳಕ್ಕೆ ಹೋಗುವುದು ಹೇಗೆ ಎಂಬುದನ್ನೂ ತಿಳಿದವರು ಬಿಡಿಸಿ ಹೇಳಿ.

ಬೀಜಾಣು:
ಪ್ರಮಾಣ ಸರಿಯಾಗಿಯೇ ಇದೆ. ಈಗ ಕಾಣುತ್ತಿರುವ ಚುಕ್ಕೆಗಳ ಶಿಲೀಂಧ್ರ, ನೀವು ಸಿಂಪಡಿಸುವ ಹೊತ್ತಿಗೇ ಎಲೆಯೊಳಗೆ ಸೇರಿಕೊಂಡಿತ್ತು.

ಶಿಲೀಂಧ್ರದ ಬೀಜಾಣು, ಅಂದರೆ ಬೀಜದಂತೆ ಮೊಳೆಯುವ ಅದರ ಸೂಕ್ಷ್ಮ ಕಣ, ಎಲೆಯ ಮೇಲೆ ಬಿದ್ದಾಗ ತುದಿಯಿಂದ ಅಂಟು ಒಸರಿ ಕಚ್ಚಿಕೊಳ್ಳುತ್ತದೆ. ಎಲೆ ಒದ್ದೆಯಿದ್ದರೆ ಒಂದೆರಡು ಗಂಟೆಯಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ ಗುಮ್ಮಟದಂಥ ಕೋಶವಾಗುತ್ತದೆ. ಇದಕ್ಕೆ ಅಪ್ರೆಸೋರಿಯಂ ಎನ್ನುತ್ತಾರೆ. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ಪದರ. ಒಳಗೆ ಗ್ಲಿಸರಾಲ್ ತುಂಬಿಕೊಂಡು ನೀರನ್ನು ಎಳೆಯುತ್ತದೆ. ಗ್ಲಿಸರಾಲ್ ಸೋರದಂತೆ ಮೆಲನಿನ್ ಹಿಡಿದಿಡುವುದರಿಂದ ಒಳಗಿನ ಒತ್ತಡ 8 ಮೆಗಾಪ್ಯಾಸ್ಕಲ್‌ವರೆಗೂ ಏರುತ್ತದೆ, ಅಂದರೆ ಕಾರಿನ ಟೈರಿನೊಳಗಿನ ಒತ್ತಡದ ಸುಮಾರು 40 ಪಟ್ಟು. ಆ ಬಲಕ್ಕೆ ಗುಮ್ಮಟದ ತಳದಿಂದ ಸೂಜಿಯಂಥ ಎಳೆಯೊಂದು ಹೊರಟು, ಎಲೆಯ ಮೇಣದ ಪದರವನ್ನೂ ಕೋಶಭಿತ್ತಿಯನ್ನೂ ತೂರಿ ಒಳಗಿಳಿಯುತ್ತದೆ. ಇಷ್ಟಕ್ಕೂ ಹಿಡಿಯುವುದು ಸುಮಾರು ಒಂದು ದಿನ. ಆಮೇಲೆ ಮೂರ್ನಾಲ್ಕು ದಿನ ಅದು ಗಿಡದ ರಕ್ಷಣೆಯನ್ನು ಮಂಕಾಗಿಸುವ ಪ್ರೋಟೀನುಗಳನ್ನು ಬಿಡುತ್ತಾ, ಜೀವಂತ ಕೋಶದಿಂದ ಕೋಶಕ್ಕೆ ಹಬ್ಬುತ್ತದೆ. ಹೊರಗಿನಿಂದ ನೋಡಿದರೆ ಎಲೆ ಹಸಿರಾಗಿಯೇ ಇರುತ್ತದೆ.

ಟ್ರೈಸೈಕ್ಲಜೋಲ್ ತಡೆಯುವುದು ಮೆಲನಿನ್ ತಯಾರಿಯನ್ನು. ಮೆಲನಿನ್ ಇಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲದು, ಸೂಜಿ ಚುಚ್ಚದು. ಆದರೆ ಆಗಲೇ ಚುಚ್ಚಿ ಒಳಹೊಕ್ಕಿದ್ದನ್ನು ಅದು ಕೊಲ್ಲಲಾರದು. ಹಾಗಾಗಿ ನಾಲ್ಕನೇ ದಿನದ ಚುಕ್ಕೆ ನೋಡಿ ಔಷಧಿಯನ್ನು ದೂರಬೇಡಿ. ಸಿಂಪಡಿಸಿದ ದಿನ ಪೂರ್ತಿ ಬಿಚ್ಚಿದ್ದ ಎಲೆಗಳಿಗೆ ದಾರ ಕಟ್ಟಿ, ಏಳನೇ ದಿನ ಚುಕ್ಕೆ ಎಣಿಸಿ, ಹತ್ತನೇ ದಿನ ಮತ್ತೆ ಎಣಿಸಿ. ಅದೇ ಎಲೆಗಳಲ್ಲಿ ಇನ್ನೂ ಏರುತ್ತಿದ್ದರೆ ಆಗ ಅನುಮಾನಪಡಿ.

ಗದ್ದೆಬದು:
ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. ಯೂರಿಯಾ ಮೇಲುಗೊಬ್ಬರ ಬಾಕಿಯಿದ್ದರೆ ರೋಗ ನಿಲ್ಲುವವರೆಗೆ ತಡೆಹಿಡಿಯಿರಿ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗುತ್ತದೆ, ಬೆಳೆ ಒತ್ತೊತ್ತಾಗಿ ಇಬ್ಬನಿ ಬೇಗ ಆರುವುದಿಲ್ಲ. ಹಾಗೆಯೇ ಗದ್ದೆ ಒಣಗಲು ಬಿಡಬೇಡಿ. ನೀರಿನ ಕೊರತೆಯಲ್ಲಿ ಬೆಂಕಿ ರೋಗ ಜೋರಾಗುತ್ತದೆ.

ಇನ್ನೊಂದು ಸಿಂಪಡಣೆ ಬೇಕೇಬೇಕೆಂದರೆ ಔಷಧಿ ಬದಲಿಸಿ. ಐಸೋಪ್ರೊಥಿಯೋಲೇನ್ 40 ಇಸಿ (ನೀರಿಗೆ ಬೆರೆಸುವ ದ್ರವ) ಲೀಟರಿಗೆ 1.5 ಮಿ.ಲೀ. ಸಾಕು. ನಿಜವಾಗಿ ಕಾಯಬೇಕಾದ್ದು ತೆನೆಯ ಕುತ್ತಿಗೆಯನ್ನು. ಎಲೆಯ ರೋಗದಿಂದ ಬೆಳೆ ಚೇತರಿಸಿಕೊಳ್ಳಬಹುದು, ಕುತ್ತಿಗೆ ಕಪ್ಪಾದರೆ ಇಡೀ ತೆನೆ ಜೊಳ್ಳು. ಹೊಡೆ ಬಿಚ್ಚುವ ಮೊದಲೊಮ್ಮೆ, ತೆನೆ ಪೂರ್ತಿ ಹೊರಬಂದ ಮೇಲೊಮ್ಮೆ ಸಿಂಪಡಿಸಿ.

ಚುಕ್ಕೆ ಎಳ್ಳಿನ ಕಾಳಿನಂತೆ ದುಂಡಗೆ, ಕಂದು ಬಣ್ಣದಲ್ಲಿದ್ದರೆ ಅದು ಕಂದು ಚುಕ್ಕೆ ರೋಗ. ಅದು ಪೋಷಕಾಂಶ ಸಾಲದ ನೆಲದಲ್ಲಿ ಹೆಚ್ಚು, ಅಲ್ಲಿ ಗೊಬ್ಬರ ತಡೆಹಿಡಿದರೆ ರೋಗ ಇನ್ನೂ ಬಲಿಯುತ್ತದೆ. ನಿಮ್ಮ ವಿವರಣೆಗೆ ಅದು ಹೊಂದುವುದಿಲ್ಲ.

ಹಸಿರೆಲೆ:
ತುಂಬಾ ಉಪಯೋಗವಾಯಿತು. ಒಂದು ಅನುಮಾನ ಉಳಿದಿದೆ. ತರಕಾರಿಯ ಬೂದಿ ರೋಗದಲ್ಲಿ ಬಿಳಿ ಪುಡಿ ಕಂಡ ಮೇಲೆ ಗಂಧಕ ಹೊಡೆದರೂ ನಿಲ್ಲುತ್ತದಲ್ಲ, ಅಲ್ಲಿ ಲೆಕ್ಕ ಬೇರೆಯೇ?

ಕೋಶಭಿತ್ತಿ:
ಬೇರೆಯೇ. ಹೆಚ್ಚಿನ ಬೂದಿ ರೋಗಗಳಲ್ಲಿ ಶಿಲೀಂಧ್ರದ ಮೈಯೆಲ್ಲ ಎಲೆಯ ಹೊರಗಿರುತ್ತದೆ. ಹೀರಲು ಹೊರಚರ್ಮದ ಕೋಶದೊಳಗೆ ಪುಟ್ಟ ಬೇರಿನಂಥ ಅಂಗ ಮಾತ್ರ ಇಳಿದಿರುತ್ತದೆ. ಅದಕ್ಕೇ ಮೇಲ್ಮೈಗೆ ತಾಗುವ ಗಂಧಕಕ್ಕೂ ಅದು ಸಿಗುತ್ತದೆ. ನೀರಿನಲ್ಲಿ ಬೆರೆಯುವ ಗಂಧಕ 80 ಡಬ್ಲ್ಯೂಪಿ, ಲೀಟರಿಗೆ 2ರಿಂದ 3 ಗ್ರಾಂ, ಎಲೆಯ ಎರಡೂ ಬದಿಗೆ. ಬಿಸಿಲು 32 ಡಿಗ್ರಿ ದಾಟಿದರೆ ಬೇಡ, ಎಲೆ ಸುಡುತ್ತದೆ. ಎಣ್ಣೆ ಆಧಾರಿತ ಔಷಧಿ ಹೊಡೆದು ಎರಡು ವಾರ ಆಗಿರಬೇಕು.

ತುಕ್ಕು ರೋಗ ಇನ್ನೊಂದು ದಾರಿ ಹಿಡಿಯುತ್ತದೆ, ಅದು ಪತ್ರರಂಧ್ರದ, ಅಂದರೆ ಎಲೆ ಉಸಿರಾಡುವ ಪುಟ್ಟ ತೂತಿನ, ಮೂಲಕ ನುಗ್ಗುತ್ತದೆ. ಹುರುಳಿಕಾಯಿ ತುಕ್ಕಿನ ಮೊಳಕೆ ಎಲೆಯ ಮೇಲೆ ತಡಕಾಡುತ್ತಾ, ರಂಧ್ರದ ತುಟಿಯ ಸುಮಾರು ಅರ್ಧ ಮೈಕ್ರಾನ್ ಎತ್ತರದ ಅಂಚು ತಾಗಿದ ಕೂಡಲೇ ಅಲ್ಲೇ ನಿಂತು ಅಪ್ರೆಸೋರಿಯಂ ಕಟ್ಟುತ್ತದೆ.

ಗದ್ದೆಬದು:
ಬೂದಿ ರೋಗವನ್ನು ಬೂಜು ತುಪ್ಪಟ ರೋಗದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಬೂದಿಯನ್ನು ಬೆರಳಿನಿಂದ ಒರೆಸಿದರೆ ಪುಡಿ ಬರುತ್ತದೆ. ಬೂಜು ತುಪ್ಪಟದಲ್ಲಿ ಎಲೆಯ ಮೇಲೆ ನರಗಳ ನಡುವೆ ಹಳದಿ ಮಚ್ಚೆ, ತಳಭಾಗದಲ್ಲಿ ಬೂಜು. ಅದರ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಟ್ರಯಜೋಲ್ ಗುಂಪಿನ ಔಷಧಿಗಳು ತಡೆಯುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ವಸ್ತುವಿನ ತಯಾರಿಯನ್ನು. ಈ ಜೀವಿ ಅದನ್ನು ತಯಾರಿಸುವುದೇ ಇಲ್ಲವಾದ್ದರಿಂದ ಆ ಸಿಂಪಡಣೆ ದಂಡ. ಮೆಟಾಲಾಕ್ಸಿಲ್‌ನಂಥದ್ದು ಬೇಕು, ಅದನ್ನೂ ಒಂಟಿಯಾಗಿ ಬಳಸದೆ ಮ್ಯಾಂಕೋಜೆಬ್ ಜೊತೆ ಬೆರೆತಿರುವುದನ್ನೇ ಬಳಸಿ, ಇಲ್ಲದಿದ್ದರೆ ನಿರೋಧಕತೆ ಬೇಗ ಬರುತ್ತದೆ.