ಲಾಗ್ ಸಾಲಿನ ‘ಟೈಮ್‌ಸ್ಟ್ಯಾಂಪ್’ ಮತ್ತು ‘ಪಾರ್ಸ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಿಸ್ಟಮ್ ಲಾಗ್‌ಗಳಿಂದ, ಅಂದರೆ ಯಂತ್ರ ತನ್ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಕಡತಗಳಿಂದ, ದಿನಾಂಕ, ಹೊತ್ತು ತೆಗೆದುಕೊಂಡು ಸಾಲುಗಳನ್ನು ಜೋಡಿಸುವ ಒಂದು ಪ್ರೋಗ್ರಾಮ್‌ಗೆ ಕನ್ನಡದಲ್ಲಿ ಸಹಾಯಪುಟ ಬರೆಯುತ್ತಿದ್ದೇನೆ. ದೋಷ ಸಂದೇಶಗಳೂ ಕನ್ನಡದಲ್ಲೇ ಇರಬೇಕು. ಟೈಮ್‌ಸ್ಟ್ಯಾಂಪ್ (ಸಾಲಿನಲ್ಲಿ ಬರೆದಿರುವ ದಿನಾಂಕ, ಹೊತ್ತು), ಪಾರ್ಸ್ (ಅದನ್ನು ಭಾಗ ಭಾಗವಾಗಿ ಅರ್ಥ ಮಾಡಿಕೊಳ್ಳುವುದು) ಎರಡಕ್ಕೂ ಏನು ಬರೆಯಬೇಕು ಅಂತ ತೀರ್ಮಾನ ಆಗುತ್ತಿಲ್ಲ.

ಮೊದಲು ಪಾರ್ಸ್. ಇದಕ್ಕೆ ನಾವು ಸುಮ್ನೆ ‘ಓದು’ ಅಂತ ಬರೆದುಬಿಡುತ್ತೇವೆ. ತೊಂದರೆ ಏನೆಂದರೆ, ಕಡತದಿಂದ ಸಾಲನ್ನು ಎತ್ತಿಕೊಳ್ಳುವುದೂ ಓದುವುದೇ. ಎತ್ತಿಕೊಂಡ ಸಾಲಿನಲ್ಲಿ ಯಾವುದು ತಿಂಗಳು, ಯಾವುದು ದಿನ, ಯಾವುದು ನಿಮಿಷ ಎಂದು ಬೇರೆ ಮಾಡಿ, ಲೆಕ್ಕಕ್ಕೆ ಒದಗುವ ಬೆಲೆಯಾಗಿ ಮಾಡಿಕೊಳ್ಳುವುದು ಬೇರೆ ಕೆಲಸ. ‘ವೇಳೆಯನ್ನು ಓದಲಾಗಲಿಲ್ಲ’ ಎಂಬ ಸಂದೇಶ ಕಂಡವರು ಕಡತ ತೆರೆಯಲು ತಮಗೆ ಅನುಮತಿ ಇಲ್ಲ ಅಂದುಕೊಳ್ಳಬಹುದು. ನಿಜದಲ್ಲಿ ಕಡತ ತೆರೆದಿದೆ, ಸಾಲೂ ಸಿಕ್ಕಿದೆ. ಅದನ್ನು ಬರೆದಿರುವ ಬಗೆ ಮಾತ್ರ ಪ್ರೋಗ್ರಾಮ್‌ಗೆ ಗೊತ್ತಾಗಿಲ್ಲ.

‘ವಿಶ್ಲೇಷಿಸು’ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಲಾಗ್‌ಗಳನ್ನೆಲ್ಲ ನೋಡಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದಕ್ಕೆ ಆ ಪದ ಬೇಕು. ಅದನ್ನು ಇಷ್ಟು ಸಣ್ಣ ಕೆಲಸಕ್ಕೆ ಖರ್ಚು ಮಾಡಿದರೆ ದೊಡ್ಡ ಕೆಲಸಕ್ಕೆ ಪದವೇ ಉಳಿಯುವುದಿಲ್ಲ.

ನನ್ನ ಒಲವು ‘ಬಿಡಿಸು’ ಕಡೆಗೆ. ‘ಸಂಧಿ ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆ ಯಾರಿಗೆ ಗೊತ್ತಿಲ್ಲ? ಅಲ್ಲಿ ನಾವು ಮಾಡುವುದೂ ಇದನ್ನೇ: ಸೇರಿಕೊಂಡಿರುವುದನ್ನು ನಿಯಮದ ಪ್ರಕಾರ ಬಿಡಿ ಬಿಡಿ ಮಾಡುತ್ತೇವೆ. ನಿಯಮ ತಪ್ಪಿದರೆ ಉತ್ತರವೂ ತಪ್ಪು. ಪ್ರೋಗ್ರಾಮ್‌ನಲ್ಲೂ ಹಾಗೆಯೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಿನಾಂಕ, ಹೊತ್ತು ಬರೆದಿರುವ ನಮೂನೆ ಕೊಡುವಾಗ ಸಣ್ಣ ಎಮ್ ಅಂದರೆ ತಿಂಗಳು, ದೊಡ್ಡ ಎಮ್ ಅಂದರೆ ನಿಮಿಷ. ಅದಲುಬದಲಾದರೆ 45ನೇ ನಿಮಿಷ 45ನೇ ತಿಂಗಳಾಗಿ ಕೆಲಸ ಕೆಡುತ್ತದೆ. 12ಕ್ಕಿಂತ ಕಡಿಮೆ ನಿಮಿಷವಿದ್ದರೆ ಇನ್ನೂ ಕಷ್ಟ, ತಪ್ಪು ತೋರದೇ ಹೋಗಬಹುದು. ಆದರೆ ‘ಬಿಡಿಸು’ಗೆ ಬೇರೆ ಅರ್ಥಗಳೂ ಇವೆ: ಚಿತ್ರ ಬಿಡಿಸುತ್ತೇವೆ, ಸೆರೆಯಿಂದ ಬಿಡಿಸುತ್ತೇವೆ. ಅದಕ್ಕೇ ‘ಬಿಡಿಸಿ ಓದು’ ಅಂದರೆ ಹೇಗೆ ಅನ್ನಿಸುತ್ತಿದೆ.

ಇನ್ನು ಟೈಮ್‌ಸ್ಟ್ಯಾಂಪ್. ‘ಸಮಯಮುದ್ರೆ’, ‘ಕಾಲಮುದ್ರೆ’ ಎರಡೂ ಕೇಳಲು ಚೆನ್ನಾಗಿವೆ. ಆದರೆ ಮುದ್ರೆ ಅಂದ ಕೂಡಲೇ ಯಾರೋ ಖಾತ್ರಿ ಕೊಟ್ಟರು ಎಂಬ ಭಾವ ಬರುತ್ತದೆ, ಅಲ್ವಾ? ಡಿಜಿಟಲ್ ಸಹಿಯ ಜೊತೆ ಬರುವ ಟೈಮ್‌ಸ್ಟ್ಯಾಂಪ್‌ಗೆ ಅದು ಸರಿ. ಅಲ್ಲಿ ಮೂರನೆಯವರೊಬ್ಬರು ‘ಈ ಹೊತ್ತಿಗೆ ಈ ದಾಖಲೆ ಇತ್ತು’ ಎಂದು ಸಹಿ ಹಾಕಿ ಕೊಡುತ್ತಾರೆ. ಲಾಗ್ ಸಾಲಿನಲ್ಲಿ ಅಂಥ ಖಾತ್ರಿ ಏನೂ ಇಲ್ಲ. ಯಂತ್ರದ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಲಾಗ್ ಕೂಡ ಹತ್ತು ನಿಮಿಷ ಮುಂದು. ಹಾಗಾಗಿ ಇಲ್ಲಿಗೆ ‘ವೇಳೆಗುರುತು’ ಸಾಕು ಅನ್ನಿಸುತ್ತದೆ.

ಈ ಪದದಿಂದ ಇನ್ನೊಂದು ಅನುಕೂಲವಿದೆ. ಗುರುತು ಬೇರೆ, ವೇಳೆ ಬೇರೆ ಎಂದು ತೋರಿಸಬಹುದು. 2024ರ ಜನವರಿ 1, ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ವೇಳೆ) ಪ್ರಕಾರ ಸೊನ್ನೆ ಗಂಟೆ ಎಂದು ಒಂದು ಲಾಗ್‌ನಲ್ಲಿ ಇರುತ್ತದೆ. ಇನ್ನೊಂದರಲ್ಲಿ ಅದೇ ದಿನ 05:30:00, ಪಕ್ಕದಲ್ಲಿ +05:30 (ಯುಟಿಸಿಗಿಂತ ಐದೂವರೆ ಗಂಟೆ ಮುಂದು) ಎಂದಿರುತ್ತದೆ. ಮೂರನೆಯದರಲ್ಲಿ ಬರೀ 1704067200, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು. ಗುರುತು ಮೂರು, ವೇಳೆ ಒಂದೇ. ಸಹಾಯಪುಟದಲ್ಲಿ ‘ವೇಳೆಗುರುತನ್ನು ಬಿಡಿಸಿ ವೇಳೆ ಪಡೆಯಿರಿ’ ಎಂದು ಬರೆದರೆ ಒಳಗೆ ಕೊಡುವುದು ಯಾವುದು, ಹೊರಗೆ ಬರುವುದು ಯಾವುದು ಎಂಬುದು ಗೊಂದಲವಿಲ್ಲದೆ ತಿಳಿಯುತ್ತದೆ.

ಗುರುತಿನಲ್ಲೇ ಕೊರತೆ ಇದ್ದರೆ? ಸಿಸ್‌ಲಾಗ್ ಎಂಬ ಲಾಗ್ ಪದ್ಧತಿಯ ಹಳೆಯ ಬಗೆಯಲ್ಲಿ, ಅಂದರೆ 2001ರ ಆರ್‌ಎಫ್‌ಸಿ 3164ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ಪದ್ಧತಿಗಳನ್ನು ವಿವರಿಸುವ ದಾಖಲೆ) ಹೇಳಿರುವಂತೆ, ತಿಂಗಳ ಮೂರಕ್ಷರ, ದಿನ, ಗಂಟೆ, ನಿಮಿಷ, ಸೆಕೆಂಡ್ ಅಷ್ಟೇ ಇರುತ್ತದೆ. ವರ್ಷ ಇಲ್ಲ, ಸಮಯ ವಲಯವೂ ಇಲ್ಲ. ಡಿಸೆಂಬರ್ ಸಾಲನ್ನು ಜನವರಿಯಲ್ಲಿ ತೆಗೆದುಕೊಂಡು ಈ ವರ್ಷವನ್ನೇ ಸೇರಿಸಿದರೆ ಇನ್ನೂ ಆಗದೇ ಇರುವ ಘಟನೆ ಲಾಗ್‌ನಲ್ಲಿ ಕಾಣಿಸುತ್ತದೆ! ವರ್ಷ ಕೊಡದಿದ್ದರೆ ಪೈಥಾನ್ 1900 ಎಂದು ಹಿಡಿಯುತ್ತದೆ. 1900 ಅಧಿಕ ವರ್ಷವಲ್ಲವಾದ್ದರಿಂದ ಫೆಬ್ರವರಿ 29ರ ಸಾಲು ಬಂದಾಗ ದೋಷ ಬರುತ್ತದೆ. 2009ರ ಆರ್‌ಎಫ್‌ಸಿ 5424ರಲ್ಲಿ ವರ್ಷ, ವಲಯದ ಅಂತರ ಎರಡಕ್ಕೂ ಜಾಗ ಸಿಕ್ಕಿತು. ಆದರೆ ಹಳೆಯ ಬಗೆಯ ಸಾಲುಗಳು ಇವತ್ತಿಗೂ ಸಿಗುತ್ತವೆ. ಇಂಥವನ್ನು ‘ಅಪೂರ್ಣ ವೇಳೆಗುರುತು’ ಅನ್ನುವ ಬದಲು ‘ವರ್ಷವಿಲ್ಲದ ವೇಳೆಗುರುತು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಏನು ಕೊರತೆ ಎಂದು ನೇರವಾಗಿ ಹೇಳುತ್ತದೆ.

‘ಎಪಕ್’ಗೆ ‘ಯುಗ’ ಅನ್ನುವುದನ್ನು ಮಾತ್ರ ದಯವಿಟ್ಟು ಬಿಡೋಣ. ಯುಗ ಅಂದರೆ ಉದ್ದನೆಯ ಕಾಲ. ಇಲ್ಲಿ ಬೇಕಾಗಿರುವುದು ಎಣಿಕೆ ಶುರುವಾಗುವ ಒಂದೇ ಒಂದು ಕ್ಷಣ. ಯುನಿಕ್ಸ್‌ನಲ್ಲಿ ಅದು 1970ರ ಜನವರಿ 1, ವಿಂಡೋಸ್ ಕಡತಗಳ ವೇಳೆಗೆ 1601ರ ಜನವರಿ 1. ‘ಶಕ’ ಎಂಬ ಪದ ಹತ್ತಿರ ಬರುತ್ತದೆ, ಶಕವರ್ಷವನ್ನೂ ಹೀಗೇ ಒಂದು ಮೊದಲಿನಿಂದ ಎಣಿಸುತ್ತಾರೆ. ಆದರೆ ‘ಯುನಿಕ್ಸ್ ಶಕೆ’ ಅಂದರೆ ತಮಾಷೆ ಅನ್ನಿಸೀತು. ಸದ್ಯಕ್ಕೆ ‘ಎಣಿಕೆಯ ಮೊದಲು’ ಎಂದು ಇಟ್ಟುಕೊಂಡಿದ್ದೇನೆ.

ಲಿನಕ್ಸ್‌ನ ತಿರುಳು ಭಾಗವಾದ ಕರ್ನಲ್‌ನ ಸಂದೇಶಗಳಲ್ಲಿ ಇನ್ನೊಂದು ಬಗೆ ಇದೆ: ಯಂತ್ರ ಶುರುವಾದ ಮೇಲೆ ಎಷ್ಟು ಸೆಕೆಂಡ್ ಆಯಿತು ಎಂಬ ಸಂಖ್ಯೆ. ಅದು ವೇಳೆ ಅಲ್ಲ, ಅವಧಿ. ನಮ್ಮ ‘ಐದು ಗಂಟೆ’ ಎರಡೂ ಆಗಬಲ್ಲದು, ಆದ್ದರಿಂದ ಪರದೆಯ ಮೇಲೆ ಬರೀ ‘ಸಮಯ: 5 ಗಂಟೆ’ ಎಂದು ಹಾಕಿದರೆ ಯಾವುದೆಂದು ತಿಳಿಯದು. ವೇಳೆ, ಅವಧಿ ಎಂದು ಎರಡು ಪದ ಬಳಸಿ, ‘ಸಮಯ’ವನ್ನು ಇಂಥ ಕಡೆ ಬಿಟ್ಟುಬಿಡುವುದು ವಾಸಿ.

‘ಲಾಗ್’ ಹಾಗೇ ಇರಲಿ ಅಂತ ನನ್ನ ಅಭಿಪ್ರಾಯ. ‘ಲಾಗ್ ಹಾಕು’ ಎಂದು ಬರೆದಾಗಲೆಲ್ಲ ತಿಪ್ಪರಲಾಗ ನೆನಪಾಗುತ್ತದೆ ಅನ್ನುವುದೊಂದೇ ತಕರಾರು. ಅದಕ್ಕೆ ‘ಲಾಗ್‌ನಲ್ಲಿ ಬರೆ’ ಅಂದರಾಯಿತು.

ಈಗ ಕೇಳಬೇಕಾಗಿರುವುದು ಇಷ್ಟು. ದೋಷ ಸಂದೇಶವನ್ನು ‘12ನೇ ಸಾಲಿನ ವೇಳೆಗುರುತನ್ನು ಬಿಡಿಸಲು ಆಗಲಿಲ್ಲ’ ಎಂದು ಬರೆದರೆ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಅರ್ಥ ಆಗುತ್ತದೆಯೇ? ಅಥವಾ ‘12ನೇ ಸಾಲಿನ ವೇಳೆಗುರುತು ಯಾವ ಬಗೆಯದೆಂದು ತಿಳಿಯಲಿಲ್ಲ’ ಎಂದು ಕ್ರಿಯಾಪದವನ್ನೇ ತಪ್ಪಿಸಿಕೊಂಡು ಹೋಗುವುದು ಒಳ್ಳೆಯದೇ? ಎರಡನೆಯದು ಓದಲು ಸುಲಭ. ಆದರೆ ಬಗೆ ಸರಿಯಾಗಿಯೇ ಇದ್ದು ಫೆಬ್ರವರಿ 30 ಎಂದು ಬಂದಾಗ ಆ ಮಾತು ಸುಳ್ಳಾಗುತ್ತದೆ. ಎರಡಕ್ಕೂ ಹೊಂದುವ ಒಂದು ವಾಕ್ಯ ನಿಮಗೆ ಹೊಳೆದರೆ ತಿಳಿಸಿ.