ಅಪ್‌ಡೇಟ್: ಅಪ್ಪನಿಗೆ ಕೀಮೋ, ಇಮ್ಯುನೊಥೆರಪಿ ಎರಡೂ ಒಟ್ಟಿಗೇ ಶುರುವಾಯಿತು

ಅಪ್ಪನಿಗೆ ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಕೀಮೋ ಮುಗಿಸಿ ಆಮೇಲೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಕೊಡಿಸಬೇಕಾ, ಇಲ್ಲ ಎರಡೂ ಒಟ್ಟಿಗೇನಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಒಟ್ಟಿಗೇ ಕೊಡುತ್ತಿದ್ದಾರೆ, ಮೂರು ವಾರಕ್ಕೊಮ್ಮೆ. ಮೊದಲು ಇಮ್ಯುನೊಥೆರಪಿ ಔಷಧಿ ಪೆಂಬ್ರೊಲಿಜುಮ್ಯಾಬ್ ಡ್ರಿಪ್, ಅರ್ಧ ಗಂಟೆ. ಅದೇ ದಿನ ಕೀಮೋ ಔಷಧಿಗಳಾದ ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್. ಡಾಕ್ಟರ್ 2018ರ ಕೀನೋಟ್-189 ಅಧ್ಯಯನದ ಬಗ್ಗೆ ವಿವರಿಸಿದರು. ಒಂದು ವರ್ಷದ ನಂತರ ಬದುಕಿದ್ದವರು ಒಟ್ಟಿಗೆ ಪಡೆದವರಲ್ಲಿ ನೂರಕ್ಕೆ ಸುಮಾರು 69, ಬರೀ ಕೀಮೋದಲ್ಲಿ 49. ಕೀಮೋ ಗುಂಪಿನವರಿಗೂ ಕಾಯಿಲೆ ಹೆಚ್ಚಾದರೆ ಇಮ್ಯುನೊಥೆರಪಿ ಸಿಗುವ ಅವಕಾಶವಿತ್ತು. ಆದರೂ ಇಷ್ಟು ವ್ಯತ್ಯಾಸ. ಆಮೇಲೆ ನೋಡೋಣ ಅಂತ ಕಾದರೆ ಎಷ್ಟೋ ಜನರಿಗೆ ಆ ಹೊತ್ತಿಗೆ ಶಕ್ತಿಯೇ ಉಳಿದಿರುವುದಿಲ್ಲ, ಅಲ್ವಾ?

ಶುರು ಮಾಡುವ ಮೊದಲು ಕ್ಯಾನ್ಸರ್ ಕೋಶಗಳ ಜೀನ್ ಟೆಸ್ಟ್ ರಿಪೋರ್ಟ್‌ಗೆ ಕಾಯಿಸಿದರು. ನಮಗೆ ತುಂಬ ಚಡಪಡಿಕೆಯಾಯಿತು, ಆದರೆ ಅದು ಬೇಕೇ ಬೇಕಿತ್ತು. ಇಜಿಎಫ್ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದ್ದಿದ್ದರೆ ಅದನ್ನೇ ಗುರಿಯಾಗಿಸುವ ಒಸಿಮರ್ಟಿನಿಬ್ ಮಾತ್ರೆ ಮೊದಲ ಆಯ್ಕೆ. ಇಮ್ಯುನೊಥೆರಪಿ ಕೊಟ್ಟ ಬೆನ್ನಲ್ಲೇ ಆ ಮಾತ್ರೆ ಕೊಟ್ಟರೆ ಶ್ವಾಸಕೋಶದ ಉರಿಯೂತದ ಅಪಾಯ ಜಾಸ್ತಿ. ಅಪ್ಪನಿಗೆ ಇಜಿಎಫ್ಆರ್, ಎಎಲ್‌ಕೆ (ಇನ್ನೊಂದು ಜೀನ್) ಎರಡೂ ನೆಗೆಟಿವ್. ದಯವಿಟ್ಟು ಯಾರೂ ಈ ಟೆಸ್ಟ್ ಬಿಡಬೇಡಿ.

ಪೆಮೆಟ್ರೆಕ್ಸೆಡ್‌ಗೆ ಒಂದು ವಾರ ಮೊದಲೇ ಬಿ12 ಇಂಜೆಕ್ಷನ್, ಫೋಲಿಕ್ ಆಸಿಡ್ ಶುರುವಾಗಿತ್ತು. ಸುಸ್ತಿದೆ, ಊಟ ಪರವಾಗಿಲ್ಲ. ಹೊಸದಾಗಿ ಕೆಮ್ಮು, ಉಬ್ಬಸ, ನಿಲ್ಲದ ಭೇದಿ ಬಂದರೆ ತಕ್ಷಣ ಫೋನ್ ಮಾಡಿ ಎಂದಿದ್ದಾರೆ. ನಾಲ್ಕು ಸೈಕಲ್ ಆದಮೇಲೆ ಕಾರ್ಬೊಪ್ಲಾಟಿನ್ ನಿಲ್ಲುತ್ತದೆ, ಉಳಿದೆರಡು ಮುಂದುವರಿಯುತ್ತವೆ. ಸ್ಕ್ಯಾನ್ ಬಂದಾಗ ತಿಳಿಸುತ್ತೇನೆ.