ಎರಡಡಿ ಟ್ಯಾಂಕ್‌ನಲ್ಲಿ ಹವಳ ಸಾಕುವುದು: ಶುರು ಮಾಡುವವರಿಗೆ ನಮ್ಮ ಅನುಭವ

ಪ್ರಶ್ನೆ (ಬೆಂಗಳೂರು): ಗಪ್ಪಿ, ಟೆಟ್ರಾ ಸಾಕಿ ಅಭ್ಯಾಸವಿದೆ. ಈಗ ಎರಡಡಿ ಟ್ಯಾಂಕ್‌ನಲ್ಲಿ ಸಮುದ್ರದ ಉಪ್ಪುನೀರು ಮಾಡಿ, ಒಂದು ಜೋಡಿ ಕ್ಲೌನ್ ಫಿಶ್, ನಾಲ್ಕು ಹವಳ ಇಡುವ ಆಸೆ. "ಇವತ್ತು ಸೆಟ್ ಮಾಡಿ, ಮುಂದಿನ ವಾರ ಮೀನು ಬಿಡಿ" ಅನ್ನುತ್ತಾರೆ ಅಂಗಡಿಯವರು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮೊದಲ ದುಡ್ಡು ಯಾವುದಕ್ಕೆ ಹಾಕಲಿ?

ಬೆಂಗಳೂರಿನಿಂದಲೇ ಒಬ್ಬರು:

ನೀರಿಗೆ ಹಾಕಿ ಸರ್. ಲೈಟು, ಮೀನು, ಹವಳ ಎಲ್ಲ ಆಮೇಲೆ.

ಬೋರ್‌ವೆಲ್ ನೀರು ಬೇಡವೇ ಬೇಡ, ಕಾವೇರಿ ನೀರೂ ನೇರವಾಗಿ ಆಗದು. ಮನೆಯಲ್ಲಿ ಆರ್‌ಓ ಇದೆಯಲ್ಲ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಕುಡಿಯುವ ನೀರಿನ ಎಷ್ಟೋ ಮೆಷಿನ್‌ಗಳಲ್ಲಿ ರುಚಿಗೆಂದು ಖನಿಜ ವಾಪಸ್ ಸೇರಿಸುವ ಮಿನರಲ್ ಕಾರ್ಟ್ರಿಜ್ ಇರುತ್ತದೆ, ಇಲ್ಲವೇ ಟಿಡಿಎಸ್ (ನೀರಿನಲ್ಲಿ ಕರಗಿದ ಖನಿಜಾಂಶ) ಕಂಟ್ರೋಲರ್ ಒಂದಿಷ್ಟು ನೀರನ್ನು ಮೆಂಬ್ರೇನ್ ತಪ್ಪಿಸಿ ಬೆರೆಸುತ್ತದೆ. ಆ ಹಂತಕ್ಕೆ ಮುಂಚೆಯೇ ನೀರು ತೆಗೆದು, ಉಳಿದ ಖನಿಜವನ್ನೂ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿಗೇ ಉಪ್ಪು ಬೆರೆಸಬೇಕು. ಇಲ್ಲದಿದ್ದರೆ ನೀರಿನ ಜೊತೆ ಬರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲ ಪಾಚಿಗೆ ಗೊಬ್ಬರ.

ಉಪ್ಪು ಅಂದರೆ ಅಡುಗೆಯದ್ದಲ್ಲ, ಹವಳದ ಟ್ಯಾಂಕಿಗೆಂದೇ ಬರುವ ರೀಫ್ ಸಾಲ್ಟ್. ಲೀಟರಿಗೆ 35ರಿಂದ 40 ಗ್ರಾಂ ಹಿಡಿಯುತ್ತದೆ. ಗುರಿ 35 ಪಿಪಿಟಿ (ಸಾವಿರ ಗ್ರಾಂ ಉಪ್ಪುನೀರಿನಲ್ಲಿ 35 ಗ್ರಾಂ ಉಪ್ಪು), ಸ್ಪೆಸಿಫಿಕ್ ಗ್ರಾವಿಟಿ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ) ಲೆಕ್ಕದಲ್ಲಿ ಸುಮಾರು 1.025ರಿಂದ 1.026. ಅಳೆಯಲು ರಿಫ್ರಾಕ್ಟೋಮೀಟರ್ ತಗೊಳ್ಳಿ, 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣ ಹಾಕಿ ಸರಿಹೊಂದಿಸಿಕೊಳ್ಳಿ. ನೀರು ಆವಿಯಾದಾಗ ಉಪ್ಪು ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ತುಂಬಿಸಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಗಾಜಿನ ಮೇಲೆ ಒಂದು ಗುರುತು ಹಾಕಿಕೊಂಡರೆ ಸಾಕು. ಆಗಾಗ ಊರಿಗೆ ಹೋಗುವವರಾದರೆ ಆಟೋ ಟಾಪ್-ಅಪ್ ಪಂಪ್ ಹಾಕಿಸಿ, ಲೈಟಿಗಿಂತ ಮೊದಲು ಹಾಕಿಸಿ.

ಇನ್ನು ಆ "ಮುಂದಿನ ವಾರ"ದ ಮಾತು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ನೆಲೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗಬಹುದು, ಆದರೆ ಅದನ್ನು ಟೆಸ್ಟ್ ಕಿಟ್ ಹೇಳಬೇಕು. 2 ಪಿಪಿಎಂ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ಆಗುವಷ್ಟು ಅಮೋನಿಯ ಹಾಕಿ, 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಗಪ್ಪಿ ಸಾಕಿದವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯದಲ್ಲಿ ವಿಷಕಾರಿ ಭಾಗ ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಗಪ್ಪಿ ತಡೆದುಕೊಂಡದ್ದನ್ನು ಕ್ಲೌನ್ ಮೀನು ತಡೆಯದು.

ಆಮೇಲೆ ಮರಳ ಮೇಲೆ ಕಂದು ಪುಡಿ ಕೂರುತ್ತದೆ, ಅದರ ಹಿಂದೆಯೇ ಹಸಿರು ಕೂದಲಿನಂಥ ಪಾಚಿ. ಎಲ್ಲರ ಟ್ಯಾಂಕಿಗೂ ಬರುತ್ತದೆ. ಔಷಧ ಸುರಿಯಬೇಡಿ. ಬಸವನಹುಳು ನಾಲ್ಕಾರು ಬಿಡಿ, ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿ, ಕಾಯಿರಿ.

ಮಂಗಳೂರಿನಿಂದ:

ಅವರು ಹೇಳಿದ್ದು ಸರಿ ಮಾರಾಯ್ರೇ, ಆದರೆ ಸೆಕೆಯ ವಿಷಯ ಬಿಟ್ಟುಹೋಗಿದೆ. ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕು. ಬೆಂಗಳೂರಿನ ಒಣ ಹವೆಯಲ್ಲಿ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ಗಾಳಿಯೇ ಹಸಿ, ಆವಿಯಾಗುವುದು ಕಡಿಮೆ, ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ಕರಾವಳಿಯವರು ನೀರು ತಣ್ಣಗಿಡುವ ಚಿಲ್ಲರ್ ಯಂತ್ರದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸಮುದ್ರ ಪಕ್ಕದಲ್ಲೇ ಇದೆ, ನೀರು ತಂದರೆ ಆಗದೇ ಎಂದು ನನ್ನನ್ನು ತುಂಬ ಜನ ಕೇಳುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ನೀರು ಸೇರಿ ದಡದ ಕಡಲು ಕೆಂಪಾಗಿ, ಉಪ್ಪು ಕುಸಿದಿರುತ್ತದೆ. ಬೇಸಿಗೆಯಲ್ಲೂ ಅಳಿವೆ, ಬಂದರಿನ ಹತ್ತಿರದ ನೀರು ಬೇಡ. ಮೊದಲ ಸಲ ಮಾಡುವವರಿಗೆ ಪ್ಯಾಕೆಟ್ ಉಪ್ಪೇ ಒಳ್ಳೆಯದು, ಪ್ರತಿ ಸಲವೂ ಒಂದೇ ಥರದ ನೀರು ಸಿಗುತ್ತದೆ.

ಕರೆಂಟ್ ಹೋದರೆ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಲೈಟ್ ಬಿಡಿ, ನೀರನ್ನು ಅಲೆಯಾಡಿಸುವ ಪಂಪ್ ಅಂದರೆ ವೇವ್‌ಮೇಕರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಆ ಕೋಣೆಯಲ್ಲಿ ಸೊಳ್ಳೆಯ ಲಿಕ್ವಿಡ್, ಹಿಟ್ ಥರದ ಸ್ಪ್ರೇ ಬಳಸಲೇಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸಿಗಡಿ, ಏಡಿ, ಮೀನು ಎಲ್ಲಕ್ಕೂ ವಿಷ. ನಮ್ಮ ಮನೆಯಲ್ಲಿ ಕಿಟಕಿಗೆ ಬಲೆ ಹಾಕಿಸಿದ್ದೇವೆ.

ಮೈಸೂರಿನಿಂದ:

"ನಾಲ್ಕು ಹವಳ" ಅಂದಿರಲ್ಲ, ಅದರ ಬಗ್ಗೆ ಹೇಳಲೇಬೇಕು. ನಮ್ಮ ಕಡಲಿನ ಗಟ್ಟಿ ಹವಳಗಳೆಲ್ಲ (ಸುಣ್ಣದ ಗೂಡು ಕಟ್ಟುವಂಥವು), ಜೊತೆಗೆ ಸಮುದ್ರ ಬೀಸಣಿಗೆ ಎಂಬ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ವಿದೇಶದಿಂದ ಬಂದ ಗಟ್ಟಿ ಹವಳಕ್ಕೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕು. ಬಿಲ್ ಕೊಡದೆ, ಎಲ್ಲಿಂದ ಬಂತೆಂದು ಹೇಳದೆ ಮಾರಿದರೆ ಅಲ್ಲಿಂದ ಎದ್ದು ಬನ್ನಿ. ಕಡಲಿಂದ ಕಿತ್ತ "ಲೈವ್ ರಾಕ್" (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿರುವ ಕಲ್ಲು) ಕೂಡ ಬೇಡ. ಒಣಕಲ್ಲು ಸಾಕು, ತಿಂಗಳುಗಳು ಕಳೆದಂತೆ ಅದರಲ್ಲೂ ಜೀವ ಬರುತ್ತದೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ನೀರಿನಡಿ ಹವಳ ನೋಡಿದವರಿಗೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ.

ಶುರುವಿಗೆ ಮಶ್ರೂಮ್, ಜೊವಾಂತಿಡ್, ಲೆದರ್ ಎಂಬ ಮೆದು ಹವಳಗಳು ಸಾಕು. ಬೇರೆ ಹವ್ಯಾಸಿಗಳು ಮನೆಯಲ್ಲಿ ಬೆಳೆಸಿದ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಇವಕ್ಕೆ ಕ್ಯಾಲ್ಸಿಯಂ ಡೋಸಿಂಗ್ ಗೊಡವೆಯಿಲ್ಲ, ವಾರದ ನೀರು ಬದಲಾವಣೆಯೇ ಸಾಲುತ್ತದೆ. ಆದರೆ ಕೆಲವು ಜೊವಾಂತಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಎಂಬ ಬಗೆಯಲ್ಲಿ, ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಗ್ಲೌಸ್, ಕನ್ನಡಕ ಹಾಕದೆ ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಎಂದೂ ಕುದಿಸಬೇಡಿ. ಆ ಆವಿ ಕುಡಿದು ವಿದೇಶಗಳಲ್ಲಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದಿದೆ.

ಕ್ಲೌನ್ ಮೀನು ಹ್ಯಾಚರಿಯದ್ದೇ ಕೇಳಿ. ಹಲವು ಜಾತಿಯ ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮದೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹ್ಯಾಚರಿಯ ಮೀನು ಬಂದ ದಿನದಿಂದಲೇ ಪೆಲೆಟ್ ತಿನ್ನುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಎಲ್ಲವೂ ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಲೌನ್ ಜೊತೆ ಅನೆಮನಿ (ಕ್ಲೌನ್ ಮೀನು ಆಶ್ರಯ ಪಡೆಯುವ, ಹೂವಿನಂಥ ಕಡಲ ಜೀವಿ), ಒಂದು ನೀಲಿ ಟ್ಯಾಂಗ್ ಮೀನು ಇಡಬಹುದಾ? ಮಗಳು ಕೇಳ್ತಿದ್ದಾಳೆ.

ಬೆಂಗಳೂರಿನವರು: ಟ್ಯಾಂಗ್ ಬೇಡ ಸರ್. ಅದು ಒಂದಡಿಯವರೆಗೆ ಬೆಳೆಯುವ ಮೀನು, ಎರಡಡಿಯಲ್ಲಿ ಈಜಲು ಜಾಗವೇ ಇರುವುದಿಲ್ಲ. ಅನೆಮನಿ ಇಲ್ಲದೆಯೂ ಕ್ಲೌನ್ ಆರಾಮಾಗಿ ಬದುಕುತ್ತದೆ. ಟ್ಯಾಂಕ್ ಹಳತಾಗಿ, ವಾರದಿಂದ ವಾರಕ್ಕೆ ಟೆಸ್ಟ್ ಅಂಕಿ ಅಲ್ಲಾಡದೆ ನಿಂತ ಮೇಲೆ, ಆರು ತಿಂಗಳೋ ವರ್ಷವೋ ಕಳೆದು ಅನೆಮನಿ ತನ್ನಿ. ಅಲ್ಲಿಯವರೆಗೆ ಉಪ್ಪಿನ ರೀಡಿಂಗ್ ನೋಡಿ ಬರೆದಿಡುವ ಕೆಲಸವನ್ನು ಮಗಳಿಗೇ ಕೊಡಿ.